ಒಂದೇ ಊರು, ನಾಲ್ಕು ರಾತ್ರಿ

ಮಲ್ಲೇಶ್ವರದ ಆ ಮನೆಯಲ್ಲಿ ಮಾತು ಶುರುವಾಗಿದ್ದು ಮಾರ್ಚ್ ತಿಂಗಳ ಒಂದು ಭಾನುವಾರ, ಉಪ್ಪಿಟ್ಟಿನ ತಟ್ಟೆಯ ಮುಂದೆ. ಬರುವ ನವೆಂಬರಿಗೆ ಮದುವೆಯಾಗಿ 25 ವರ್ಷ. ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿಯಾಗಿದೆ, ಮನೆ ಸಾಲದ ಕೊನೆಯ ಕಂತೂ ಕಟ್ಟಿಯಾಗಿದೆ. "ಹಾಲ್ ಬುಕ್ ಮಾಡಿ ನೂರು ಜನಕ್ಕೆ ಊಟ ಹಾಕೋದೆಲ್ಲ ಬೇಡ ರೀ, ನಾವಿಬ್ಬರೇ ಎಲ್ಲಾದರೂ ಹೋಗಿಬರೋಣ" ಎಂದರು ಆಕೆ. ಸಾಯಂಕಾಲದ ಹೊತ್ತಿಗೆ ಯಜಮಾನರ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ಸಿದ್ಧವಾಗಿತ್ತು: 12 ದಿನ, 7 ದೇಶ, ಮೂರು ಹೊತ್ತೂ ಸಸ್ಯಾಹಾರ, 40 ಮಂದಿ ಸಹಪ್ರಯಾಣಿಕರು, ಬಸ್ಸಿನಲ್ಲಿ ಅಂತ್ಯಾಕ್ಷರಿ.

"ಇದರಲ್ಲಿ 'ನಾವಿಬ್ಬರೇ' ಅನ್ನೋದು ಯಾವ ಕಾಲಮ್ಮಿನಲ್ಲಿದೆ?" ಎಂದು ಆಕೆ ಕೇಳಿದರು.

ಆ ಹಾಳೆಯಲ್ಲಿ ವೆನಿಸ್ ನಗರದ ಪಾಲಿಗೆ ಬಂದಿದ್ದು ಐದು ಗಂಟೆ. ದೋಣಿಯಲ್ಲಿ ಬಂದಿಳಿಯುವುದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ, ಗಾಜು ಊದುವವನ ಪ್ರದರ್ಶನ, ಗೊಂಡೋಲಾ, ಮತ್ತೆ ದೋಣಿ. ಹೊಸಪೇಟೆಯಲ್ಲಿ ತಿಂಡಿ ತಿಂದು, ಕಲ್ಲಿನ ರಥದ ಮುಂದೆ ನಿಂತು, ಮಧ್ಯಾಹ್ನದೊಳಗೆ ಬಸ್ ಹತ್ತಿ "ಹಂಪಿ ಆಯಿತು" ಎನ್ನುವವರ ಜಾತಿಯದೇ ಇದು. ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಪಾಠ ಮಾಡುವ ಆಕೆಗೆ ಅದು ಸರಿಬರಲಿಲ್ಲ. ಪ್ರತಿವರ್ಷ ವಿಜಯನಗರದ ಪಾಠ ಬಂದಾಗ ಆಕೆ ಬೋರ್ಡಿನ ಮೇಲೆ ಬರೆಯುವ ಮೊದಲ ಹೆಸರು ನಿಕೊಲೊ ಕಾಂಟಿ. ಅಬ್ದುಲ್ ರಜಾಕ್, ಪಾಯೆಸ್, ನ್ಯೂನಿಜ್ ಎಲ್ಲ ಆಮೇಲೆ. ಮಕ್ಕಳು ಅವನನ್ನು "ಇಟಲಿಯ ಪ್ರವಾಸಿ" ಎಂದು ಬಾಯಿಪಾಠ ಮಾಡುತ್ತಾರೆ. ಹುಟ್ಟಿದ್ದು ವೆನಿಸ್‌ನ ಹಿನ್ನೀರಿನ ದಕ್ಷಿಣದ ಅಂಚಿನಲ್ಲಿರುವ ಕಿಯೊಜ್ಜಾ ಎಂಬ ಊರಿನಲ್ಲಿ. ವಿಜಯನಗರಕ್ಕೆ ಬಂದದ್ದು ಸುಮಾರು 1420ರಲ್ಲಿ. ಪರೀಕ್ಷೆಗೆ ಇಷ್ಟು ಸಾಕು. ಪಠ್ಯದಲ್ಲಿ ಇಲ್ಲದ ಸಂಗತಿಯೊಂದಿದೆ: ಆತ ತನ್ನ ಸುತ್ತಾಟದ ಬಹುಭಾಗವನ್ನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ಮಾಡಿದ. ಸುಮಾರು 25 ವರ್ಷ. ವಾಪಸು ಹೋಗುವಾಗ ಈಜಿಪ್ಟಿನಲ್ಲಿ ಪ್ಲೇಗು ಬಂದು ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಉಳಿದವರೊಡನೆ ಊರು ಸೇರಿದ ಕಾಂಟಿ ತನ್ನ ಕಥೆಯನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲಿನಿಗೆ ಹೇಳಿದ; ಅವನು ಬರೆದಿಟ್ಟ. ಹಂಪಿಯ ಬಗ್ಗೆ ಯೂರೋಪಿಗೆ ಸಿಕ್ಕ ಮೊದಲ ವಿವರವಾದ ವರದಿಗಳಲ್ಲಿ ಅದೂ ಒಂದು.

"ಅವನು ನಮ್ಮೂರು ನೋಡೋಕೆ ಹೆಂಡತಿ ಕರ್ಕೊಂಡು ಬಂದ. ನೀವು ಅವನೂರಿಗೆ ನನ್ನ ಕರ್ಕೊಂಡು ಹೋಗಿ. ಐದು ಗಂಟೆಗಲ್ಲ." ಹೀಗೆ ವೆನಿಸ್ ನಿಶ್ಚಯವಾಯಿತು.

ಮೊದಲ ತಕರಾರು ತಂದವರು ಭಾವನವರು. ವರ್ಷಕ್ಕೊಂದು ಖಂಡ ಮುಗಿಸುವ ಶಿಸ್ತಿನ ಮನುಷ್ಯ. "ಅಷ್ಟು ದುಡ್ಡು ಸುರಿದು ಹೋಗಿ ಒಂದೇ ಊರು ನೋಡ್ಕೊಂಡು ಬರ್ತೀರಾ? ಪ್ಯಾರಿಸ್ ಇಲ್ಲ, ಸ್ವಿಸ್ ಇಲ್ಲ?" ಎಂದು ಫೋನಿನಲ್ಲೇ ನಿಟ್ಟುಸಿರಿಟ್ಟರು. ಆದರೆ ರಜೆ ಸಿಗುವುದೇ ಆರು ದಿನ. ಬೆಂಗಳೂರಿನಿಂದ ವೆನಿಸ್‌ಗೆ ನೇರ ವಿಮಾನವಿಲ್ಲ. ದುಬೈಯಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಹತ್ತಬೇಕು. ಹೋಗುವುದಕ್ಕೊಂದು ದಿನ, ಬರುವುದಕ್ಕೊಂದು ದಿನ ಕಳೆದರೆ ಉಳಿಯುವುದು ನಾಲ್ಕು. ಅದರಲ್ಲಿ ದಿನಕ್ಕೊಂದು ಊರು ಹಿಡಿದರೆ ಕಾಣುವುದು ರೈಲು ನಿಲ್ದಾಣ, ಮಾಡುವ ಕೆಲಸ ಸೂಟ್‌ಕೇಸ್ ಬಿಚ್ಚುವುದು ಮತ್ತು ಕಟ್ಟುವುದು. ಸಣ್ಣ ಪ್ರವಾಸದ ತಯಾರಿಯೆಂದರೆ ಮುಕ್ಕಾಲು ಪಾಲು ಕೈಬಿಡುವ ಕೆಲಸ. ಅದು ಭಾವನಂಥವರಿಗೆ ಒಗ್ಗದು, ಎಕ್ಸೆಲ್ ಪ್ರಿಯರಿಗೂ ಅಷ್ಟು ಸುಲಭವಾಗಿ ಒಗ್ಗದು.

ನವೆಂಬರ್ ಎಂದ ಕೂಡಲೇ ಎರಡನೆಯ ತಕರಾರು ಎದ್ದಿತು. ಇದನ್ನು ತಂದದ್ದು ಯಜಮಾನರೇ. ಅಲ್ಲಿ ಶರತ್ಕಾಲದಿಂದ ಚಳಿಗಾಲದವರೆಗೆ ಸಮುದ್ರ ಉಕ್ಕಿ ಊರೊಳಗೆ ಬರುತ್ತದೆ. ಅಲ್ಲಿಯವರು ಅದಕ್ಕೆ ಆಕ್ವಾ ಆಲ್ತಾ ಎನ್ನುತ್ತಾರೆ, ಅಂದರೆ ಏರುನೀರು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಏರಿತ್ತು, 2019ರ ನವೆಂಬರ್ 12ರಂದು ಸುಮಾರು 187. ಎರಡೂ ನವೆಂಬರೇ ಎಂಬುದನ್ನು ಯಜಮಾನರು ಕೆಂಪು ಅಕ್ಷರದಲ್ಲಿ ಹಾಕಿದ್ದರು. ಅದಕ್ಕೆ ಉತ್ತರವೂ ಇದೆ. ಹಿನ್ನೀರು ಸಮುದ್ರಕ್ಕೆ ಸೇರುವ ಮೂರು ಬಾಯಿಗಳಲ್ಲಿ ನೀರಿನ ತಳದಲ್ಲಿ 78 ಉಕ್ಕಿನ ಗೇಟುಗಳನ್ನು ಮಲಗಿಸಿದ್ದಾರೆ. ಉಬ್ಬರ ಜೋರಾಗಿದೆ ಎಂಬ ಮುನ್ಸೂಚನೆ ಬಂದಾಗ ಒಳಗೆ ಗಾಳಿ ತುಂಬಿ ಅವನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಮೋಸೆ ಎಂದು ಆ ವ್ಯವಸ್ಥೆಯ ಹೆಸರು. ಉಬ್ಬರ ತಡೆಯಲು ಅದು ಮೊದಲು ಎದ್ದದ್ದು 2020ರ ಅಕ್ಟೋಬರ್ 3ರಂದು. ಆಮೇಲೆ ಊರು ಮುಳುಗುವ ಸುದ್ದಿ ಕಡಿಮೆಯಾಗಿದೆ. ಸಾನ್ ಮಾರ್ಕೊ ಚೌಕ ಮಾತ್ರ ತಗ್ಗು; ಗೇಟು ಏಳುವಷ್ಟು ಉಬ್ಬರ ಇಲ್ಲದಾಗಲೂ ಅಲ್ಲಿ ಪಾದ ಮುಳುಗಬಹುದು. ಹಾಗಾಗಿ ಮಳೆಗಾಲದ ಚಪ್ಪಲಿ ಸೂಟ್‌ಕೇಸಿನಲ್ಲಿರಲಿ.

ಆಗಸ್ಟಿನ ಬೇಗೆ ಮತ್ತು ಜಾತ್ರೆ ಇಬ್ಬರಿಗೂ ಬೇಡವಾಗಿತ್ತು. ಮುಖವಾಡದ ಕಾರ್ನಿವಲ್ ಬರುವ ಫೆಬ್ರವರಿಯಲ್ಲಿ ರೂಮಿನ ಬಾಡಿಗೆ ಗಗನಕ್ಕೇರಿರುತ್ತದೆ. ನವೆಂಬರಿನಲ್ಲಿ ಚಳಿ, ಮಂಜು, ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುವ ದರಿದ್ರ. ಆದರೂ ತೂಗಿದ್ದು ಒಂದು ತಾರೀಖು: ನವೆಂಬರ್ 21.

ಅದು ಸಾಲೂತೆ ಹಬ್ಬ. 1630-31ರ ಪ್ಲೇಗಿಗೆ ವೆನಿಸ್‌ನ ಮೂರರಲ್ಲಿ ಒಂದು ಪಾಲಿನಷ್ಟು ಜನ ಸತ್ತರು. ಸಂಕಟ ಬಂದಾಗ ವೆಂಕಟರಮಣ ಎನ್ನುವುದು ಎಲ್ಲ ಊರಿನ ಬಾಳು. ಅಲ್ಲಿಯ ಸೆನೆಟ್ ಮೇರಿಮಾತೆಗೆ ಹರಕೆ ಹೊತ್ತುಕೊಂಡಿತು, ಜಾಡ್ಯ ಹೋದರೆ ಗುಡಿ ಕಟ್ಟಿಸುತ್ತೇವೆ ಎಂದು. ಬಾಲ್ದಾಸ್ಸಾರೆ ಲೊಂಗೇನಾ ಎಂಬ ಯುವ ಶಿಲ್ಪಿಯ ನಕ್ಷೆ ಆಯ್ಕೆಯಾಯಿತು. ಆತ ಸಾಯುವವರೆಗೂ ಕೆಲಸ ನಡೆಯಿತು. ಸತ್ತ ಐದು ವರ್ಷದ ಮೇಲೆ, 1687ರಲ್ಲಿ ಗುಡಿಯ ಪ್ರತಿಷ್ಠೆಯಾಯಿತು. ಇವತ್ತಿಗೂ ಪ್ರತಿವರ್ಷ ಆ ದಿನದ ಹೊತ್ತಿಗೆ ದೊಡ್ಡ ಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಸುತ್ತಾರೆ. ಊರಿನವರು ಅದರ ಮೇಲೆ ನಡೆದುಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ. ಗುಡಿಯ ಪಕ್ಕದ ಬೀದಿಯಲ್ಲಿ ಬಲೂನು, ಮಿಠಾಯಿ, ಕರಿದ ತಿಂಡಿ. ಮನೆಗಳಲ್ಲಿ ಕಾಸ್ತ್ರಾದೀನಾ ಎಂಬ ಕುರಿಮಾಂಸ-ಎಲೆಕೋಸಿನ ಸಾರು. ಅದು ವರ್ಷಕ್ಕೊಮ್ಮೆ ಈ ಹಬ್ಬಕ್ಕೆ ಮಾಡುವ ಅಡುಗೆ.

"ಅಂದರೆ ನಮ್ಮ ಪ್ಲೇಗಮ್ಮನ ಜಾತ್ರೆ" ಎಂದರು ಆಕೆ. ಮಾತು ತಮಾಷೆಯಾದರೂ ಸುಳ್ಳಲ್ಲ. 1898ರ ಪ್ಲೇಗಿನಲ್ಲಿ ಪೇಟೆ ತತ್ತರಿಸಿದ ಮೇಲೆ ಬೆಂಗಳೂರಿನಲ್ಲೂ ಪ್ಲೇಗಮ್ಮನ ಗುಡಿಗಳೆದ್ದವು. ಈ ದಂಪತಿಯ ಮನೆಯಿರುವ ಮಲ್ಲೇಶ್ವರವೂ, ಅತ್ತ ಬಸವನಗುಡಿಯೂ, ಪೇಟೆಯ ಇಕ್ಕಟ್ಟು ಬಿಟ್ಟು ಜನ ಉಸಿರಾಡಲಿ ಎಂದು ಆ ಕಾಲದಲ್ಲೇ ಬೆಳೆದ ಬಡಾವಣೆಗಳು. ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಆಡಿದ ಕ್ವಾರಂಟೈನ್ ಎಂಬ ಮಾತಿನ ಬೇರು ಕೂಡ ವೆನಿಸ್ ಕಡೆಯದೇ. ಕ್ವಾರಾಂತಾ ಎಂದರೆ ಅಲ್ಲಿ 40. ರೋಗದ ಶಂಕೆಯಿರುವ ಹಡಗಿನವರು ಅಷ್ಟು ದಿನ ದೂರ ಉಳಿಯಬೇಕಿತ್ತು. ಪ್ಲೇಗು ತಗುಲಿದವರಿಗಾಗಿ ವೆನಿಸ್ 1423ರಲ್ಲೇ ಒಂದು ದ್ವೀಪವನ್ನು ಆಸ್ಪತ್ರೆ ಮಾಡಿಟ್ಟಿತ್ತು. ತಾರೀಖು ಗಟ್ಟಿಯಾಯಿತು: 19ಕ್ಕೆ ಇಳಿಯುವುದು, 23ಕ್ಕೆ ಹೊರಡುವುದು, ನಡುವೆ ಹಬ್ಬ.

ವೀಸಾದ ಕಥೆಯನ್ನು ಉದ್ದ ಮಾಡುವುದರಲ್ಲಿ ಅರ್ಥವಿಲ್ಲ, ಅದು ತಾನಾಗಿಯೇ ಉದ್ದವಾಗುತ್ತದೆ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು, ತಡವೆಂದರೂ 15 ದಿನ ಮುಂಚೆ ಕೊಡಬೇಕು. ಆದರೆ ಆ ಕೊನೆಯ ಗಡುವನ್ನು ನಂಬಿ ಕೂತವರು ಅಪಾಯಿಂಟ್‌ಮೆಂಟ್ ಸಿಗದೆ ಕೈ ಹಿಸುಕಿಕೊಳ್ಳುತ್ತಾರೆ. ಶುಲ್ಕ 2024ರ ಜೂನಿನಿಂದ ತಲೆಗೆ 90 ಯೂರೋ. ವೀಸಾ ಕೊಡದಿದ್ದರೂ ದುಡ್ಡು ವಾಪಸು ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಇದೆಲ್ಲ ಸಲೀಸಾಗಿ ನಡೆಯಿತು. ಗಂಟು ಬಿದ್ದದ್ದು ದಿನವಾರು ಕಾರ್ಯಕ್ರಮದ ಪಟ್ಟಿಯಲ್ಲಿ. ನಾಲ್ಕರಲ್ಲಿ ಒಂದು ದಿನ ಏನನ್ನೂ ಗೊತ್ತುಮಾಡಬಾರದು ಎಂಬುದು ಆಕೆಯ ಷರತ್ತಾಗಿತ್ತು. ಎಕ್ಸೆಲ್ ಹಾಳೆಯಲ್ಲಿ ಯಜಮಾನರು ಹಲ್ಲು ಕಚ್ಚಿಕೊಂಡು "ಮೂರನೆಯ ದಿನ: ಏನೂ ಇಲ್ಲ" ಎಂದು ಬರೆದಿದ್ದರು. ವೀಸಾ ಅರ್ಜಿಗೆ ಹಾಗೆ ಬರೆದು ಕೊಡಲಾದೀತೆ? ಏನೂ ಮಾಡದಿರಲು ಅಷ್ಟು ದೂರ ಬರುವವರನ್ನು ಯಾವ ರಾಯಭಾರ ಕಚೇರಿಯೂ ನಂಬುವುದಿಲ್ಲ. ಕೊನೆಗೆ "ದೊರ್ಸೊದೂರೊ ಪ್ರದೇಶದ ವೀಕ್ಷಣೆ" ಎಂದು ಬರೆದು ಸಹಿ ಹಾಕಿದರು.

ಇನ್ನು ರೂಮು. ಇಲ್ಲಿ ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಅಕ್ಷರಶಃ ನಿಜ. ಸೇತುವೆಯಾಚೆ ನೆಲದ ಮೇಲಿರುವ ಮೆಸ್ತ್ರೆಯಲ್ಲಿ ಹೋಟೆಲು ಅಗ್ಗ. ಅಲ್ಲಿಂದ ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತೇ ನಿಮಿಷ. ಯಜಮಾನರ ಲೆಕ್ಕ ಮೆಸ್ತ್ರೆಯ ಕಡೆ ವಾಲಿತ್ತು. ಆದರೆ ವೆನಿಸ್ ಎರಡು ಪಾಳಿಯ ಊರು. ಹಗಲಿಡೀ ಅಲ್ಲಿ ದಿನದ ಮಟ್ಟಿಗೆ ಬರುವವರ ದಂಡು. ಇಂಥವರಿಗಾಗಿಯೇ 2024ರ ಏಪ್ರಿಲ್ 25ರಿಂದ ದಟ್ಟಣೆಯ ಆಯ್ದ ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕ ಶುರುವಾಯಿತು. ಮರುವರ್ಷ ತಡವಾಗಿ ಕಟ್ಟುವವರಿಗೆ ಅದು 10 ಆಯಿತು. ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ, ಅವರು ಬೇರೆ ತೆರಿಗೆ ಕಟ್ಟುತ್ತಾರೆ. ಸಂಜೆ ಆ ದಂಡು ರೈಲು ಬಸ್ಸು ಹತ್ತಿ ಹೋದ ಮೇಲೆ ಓಣಿಗಳಲ್ಲಿ ಉಳಿಯುವುದು ಹೆಜ್ಜೆ ಸಪ್ಪಳ, ಕಟ್ಟೆಗೆ ನೀರು ಬಡಿಯುವ ಸಪ್ಪಳ. ಗಾಡಿಗಳೇ ಇಲ್ಲದ ಊರು ಹೇಗೆ ಕೇಳಿಸುತ್ತದೆ ಎಂಬುದು ಬೆಂಗಳೂರಿನ ಕಿವಿಗೆ ಗೊತ್ತಾಗಬೇಕಾದರೆ ಆ ಹೊತ್ತಿನಲ್ಲಿ ಅಲ್ಲಿರಬೇಕು. ಕೊನೆಯ ರೈಲಿಗೆ ಓಡುವವರಿಗೆ ಅದು ದಕ್ಕದು. ಆದ್ದರಿಂದ ಊಟದಲ್ಲಿ ಉಳಿಸಿ, ರೂಮಿನಲ್ಲಿ ಉಳಿಸಬೇಡಿ ಎಂಬುದೇ ತೀರ್ಪು. ಇಲ್ಲಿ ಆಕೆಯೇ ಗೆದ್ದರು.

ಗೆದ್ದ ಮೇಲೆ ಹುಡುಕುವ ಕಷ್ಟ. ವೆನಿಸ್‌ನಲ್ಲಿ ಆರು ವಾರ್ಡುಗಳು. ಮನೆ ನಂಬರು ಬೀದಿಯ ಪ್ರಕಾರವಲ್ಲ, ವಾರ್ಡಿನ ಪ್ರಕಾರ. ಕಸ್ತೆಲ್ಲೊ ವಾರ್ಡಿನಲ್ಲಿ ನಂಬರು 6,000 ದಾಟುತ್ತದೆ. "ಕಸ್ತೆಲ್ಲೊ 4 ಸಾವಿರದ ಇಷ್ಟು" ಎಂದು ವಿಳಾಸ ಕೊಟ್ಟರೆ ಯಾವ ಓಣಿ ಎಂದು ದೇವರೇ ಬಲ್ಲ. 118 ದ್ವೀಪ, 400ಕ್ಕೂ ಹೆಚ್ಚು ಸೇತುವೆ, ಹೆಚ್ಚಿನವಕ್ಕೆ ಮೆಟ್ಟಿಲು. ಸೂಟ್‌ಕೇಸಿಗೆ ಚಕ್ರವಿದ್ದರೂ ಸೇತುವೆಗೊಮ್ಮೆ ತಲೆಯ ಮೇಲಲ್ಲದಿದ್ದರೂ ಕೈಯ ಮೇಲೆ ಹೊರಬೇಕು. ಹಳೆಯ ಕಟ್ಟಡಗಳಲ್ಲಿ ಲಿಫ್ಟು ಅಪರೂಪ. ಯಜಮಾನರ ಎಡ ಮೊಣಕಾಲನ್ನು ಗಮನದಲ್ಲಿಟ್ಟುಕೊಂಡು ರೂಮು ಹುಡುಕಲು ಎರಡು ವಾರ ಹಿಡಿಯಿತು: ವಪೊರೆತ್ತೊ, ಅಂದರೆ ಅಲ್ಲಿಯ ಸಿಟಿ ಬಸ್ಸಾದ ದೋಣಿ, ನಿಲ್ಲುವ ಕಟ್ಟೆಗೆ ಒಂದೇ ಸೇತುವೆಯ ದೂರ, ಮೊದಲ ಮಹಡಿ, ಕಿಟಕಿ ಕಾಲುವೆಯ ಕಡೆಗೆ. ಆ ದೋಣಿಯ 75 ನಿಮಿಷದ ಟಿಕೆಟ್ಟಿಗೆ 9.50 ಯೂರೋ, 72 ಗಂಟೆಯ ಪಾಸಿಗೆ 45. ಐದು ಸಲ ಹತ್ತಿದರೆ ಪಾಸಿನ ದುಡ್ಡು ಹುಟ್ಟಿತು ಎಂದು ಎಕ್ಸೆಲ್ ತಕ್ಷಣ ಹೇಳಿತು. ಎಕ್ಸೆಲ್ಲಿಗೂ ಅದರ ಹೊತ್ತು ಬರುತ್ತದೆ.

ರೂಮು ಹುಡುಕುವಾಗಲೇ ಆಕೆಗೆ ಇನ್ನೊಂದು ವಿಷಯ ಸಿಕ್ಕಿತು. ರಿಯಾಲ್ಟೊ ಸೇತುವೆಯ ಹತ್ತಿರ ಸಾನ್ ಬಾರ್ತೊಲೊಮೆಯೊ ಚೌಕದಲ್ಲೊಂದು ಔಷಧಿ ಅಂಗಡಿ. ಅದರ ಕಿಟಕಿಯಲ್ಲಿ 2008ರಿಂದ ಒಂದು ವಿದ್ಯುತ್ ಫಲಕ, ಅದರಲ್ಲಿ ಹಳೆಯ ಊರಿನ ಜನಸಂಖ್ಯೆ. 1951ರಲ್ಲಿ ಸುಮಾರು 1,75,000 ಇದ್ದದ್ದು 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ರೂಮುಗಳಾಗುತ್ತ ಹೋಗಿರುವುದು ಅದಕ್ಕೊಂದು ಕಾರಣ. ಕಾಲುವೆ ಕಡೆಗೆ ಕಿಟಕಿಯಿರುವ ರೂಮು ಬುಕ್ ಮಾಡಿದ ದಂಪತಿಯ ಕೈಯೂ ಅದರಲ್ಲಿದೆ ಎಂದು ಆಕೆಗೆ ಕಸಿವಿಸಿಯಾಯಿತು. ಆ ರೂಮಿದ್ದ ಫ್ಲ್ಯಾಟ್ ಬಿಟ್ಟು, ಮನೆಯವರೇ ನಡೆಸುವ ಒಂದು ಸಣ್ಣ ಹೋಟೆಲಿಗೆ ಬದಲಾಯಿಸಿದ್ದು ಅದಕ್ಕೇ. ಕಿಟಕಿ ಹೋಯಿತು, ಮೊದಲ ಮಹಡಿ ಉಳಿಯಿತು. ಖಾಲಿಯಾಗುವ ಊರಿನ ಚಿತ್ರವೂ ಆಕೆಯ ಪಾಠದ್ದೇ. ತಾಳಿಕೋಟೆಯ ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಚೆಸಾರೆ ಫೆದೆರಿಚಿ ಎಂಬ ಇನ್ನೊಬ್ಬ ವೆನಿಸ್ ವ್ಯಾಪಾರಿ ಹಂಪಿಗೆ ಬಂದ. ಮನೆಗಳು ನಿಂತಿವೆ, ಒಳಗೆ ಜನವಿಲ್ಲ, ಹುಲಿ ಮತ್ತು ಕಾಡುಮೃಗಗಳಿವೆಯೆಂದು ಹೇಳುತ್ತಾರೆ ಎಂದು ಬರೆದಿಟ್ಟ. ಗೋವೆಯ ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಬೇಗ ಹೊರಡಲಾಗದೆ ಏಳು ತಿಂಗಳು ಅಲ್ಲೇ ಉಳಿದ. ಅವನ ಮುಂದೆ ನಾಲ್ಕು ರಾತ್ರಿ ಯಾವ ಲೆಕ್ಕ!

ನೋಡುವ ಜಾಗಗಳ ಪಟ್ಟಿ 31ರಿಂದ ಶುರುವಾಗಿ 7ಕ್ಕೆ ಇಳಿಯಿತು. ಪ್ರತಿಯೊಂದನ್ನು ಹೊಡೆಯುವಾಗಲೂ ಯಜಮಾನರ ಮುಖ ನೋಡುವಂತಿರಲಿಲ್ಲ. ಸಾನ್ ಮಾರ್ಕೊದ ಗಂಟೆಗೋಪುರ ಉಳಿಯಿತು, ಏಕೆಂದರೆ ಅದಕ್ಕೆ ಲಿಫ್ಟ್ ಇದೆ. ಶತಮಾನಗಳಷ್ಟು ಹಳೆಯ ಆ ಗೋಪುರ 1902ರ ಜುಲೈ 14ರ ಬೆಳಿಗ್ಗೆ ನಿಂತಲ್ಲೇ ಕುಸಿದು ರಾಶಿಯಾಯಿತು; ಸತ್ತದ್ದು ಕಾವಲುಗಾರನ ಬೆಕ್ಕು ಒಂದೇ ಎಂದು ಹೇಳುತ್ತಾರೆ. ಇದ್ದ ಹಾಗೇ, ಇದ್ದ ಜಾಗದಲ್ಲೇ ಕಟ್ಟಬೇಕೆಂದು ಊರಿನವರು ಹಟ ಹಿಡಿದು 1912ಕ್ಕೆ ಮುಗಿಸಿದರು. ಉಳಿದ ಇನ್ನೊಂದು ಸಾನ್ ರೊಕ್ಕೊ ಸಂಘದ ಭವನ. ರೊಕ್ಕೊ ಪ್ಲೇಗಿನಿಂದ ಕಾಯುವ ಸಂತ. ತಿಂತೊರೆತ್ತೊ ಅಲ್ಲಿ 20 ವರ್ಷಕ್ಕೂ ಮೇಲ್ಪಟ್ಟು ಚಿತ್ರ ಬರೆದ, ಗೋಡೆಗೂ ಚಾವಣಿಗೂ. ಚಾವಣಿ ನೋಡಿ ಕತ್ತು ಉಳುಕದಿರಲೆಂದು ಭವನದಲ್ಲಿ ಕನ್ನಡಿ ಇಟ್ಟಿರುತ್ತಾರೆ. ಜನ ಅದನ್ನು ತಟ್ಟೆಯಂತೆ ಅಂಗೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮೇಲಿನ ಚಿತ್ರವನ್ನು ಕೆಳಗೆ ನೋಡುತ್ತ ಓಡಾಡುತ್ತಾರೆ. ಉಳಿದ ಐದರ ಹೆಸರು ಯಾವ ಮಾರ್ಗದರ್ಶಿಯಲ್ಲೂ ಸಿಗುತ್ತದೆ.

ಊಟದ ವಿಷಯದಲ್ಲಿ ಯಜಮಾನರದು ಅಪ್ಪಟ ಸಸ್ಯಾಹಾರ, ಆಕೆ ಮೊಟ್ಟೆಯವರೆಗೆ. ಮೀನೇ ಉಸಿರಾದ ಊರಿನಲ್ಲಿ ಎಚ್ಚರ ಬೇಕು. ಬೀಗೊಲಿ ಇನ್ ಸಾಲ್ಸಾ ಎಂಬ ದಪ್ಪ ಶಾವಿಗೆ ನೋಡಲು ಈರುಳ್ಳಿ ಗೊಜ್ಜಿನ ಹಾಗಿರುತ್ತದೆ. ಆ ಗೊಜ್ಜಿನಲ್ಲಿ ಕರಗಿರುವುದು ಉಪ್ಪು ಮೀನು. ಇದಕ್ಕೆ ತದ್ವಿರುದ್ಧ ಪಿಜ್ಜಾ ಮರಿನಾರಾ: ಹೆಸರಿನಲ್ಲಿ ಸಮುದ್ರವಿದೆ, ಮೈಮೇಲೆ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಮಾತ್ರ, ಚೀಸ್ ಕೂಡ ಇಲ್ಲ. ಕಾಫಿಯನ್ನು ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. 1720ರಿಂದ ನಡೆಯುತ್ತಿರುವ ಕೆಫೆ ಫ್ಲೋರಿಯನ್‌ನ ಹೊರಾಂಗಣದಲ್ಲಿ ಕೂತು ವಾದ್ಯ ಕೇಳಿದರೆ ಸಂಗೀತಕ್ಕೂ ಬಿಲ್ಲು ಬೀಳುತ್ತದೆ. ಬೈ ಟೂ ಕಾಫಿ ನಿಂತೇ ಕುಡಿದು ಬೆಳೆದವರಿಗೆ ಕೌಂಟರು ಹೊಸದೇನಲ್ಲ. ಕುಡಿಯುವ ನೀರು ಮಾತ್ರ ಚೌಕದ ನಲ್ಲಿಗಳಲ್ಲಿ ಪುಕ್ಕಟೆ. ಸುತ್ತ ಸಮುದ್ರವಿದ್ದರೂ 1884ರಲ್ಲಿ ಕೊಳವೆ ನೀರು ಬರುವವರೆಗೆ ಆ ಊರು ಮುಖ್ಯವಾಗಿ ಬದುಕಿದ್ದು ಚೌಕಗಳ ಕೆಳಗೆ ಮರಳಿನಲ್ಲಿ ಸೋಸಿ ಕೂಡಿಟ್ಟ ಮಳೆನೀರಿನ ಮೇಲೆ. ಆ ಬಾವಿಗಳ ಕೆತ್ತನೆಯ ಕಲ್ಲುಕಟ್ಟೆಗಳು ಈಗಲೂ ಇವೆ, ಮೇಲೆ ಮುಚ್ಚಳ ಜಡಿದು.

ಕೊನೆಯವರೆಗೆ ಉಳಿದ ಜಗಳ ಗೊಂಡೋಲಾದ್ದು. ಹಗಲಿನಲ್ಲಿ 30 ನಿಮಿಷಕ್ಕೆ 90 ಯೂರೋ, ಸಂಜೆ ಏಳರ ಮೇಲೆ 35 ನಿಮಿಷಕ್ಕೆ 110. 2023ರ ನವೆಂಬರಿನಿಂದ ನಗರಾಡಳಿತ ಗೊತ್ತುಮಾಡಿದ ದರ ಇದು, ತಲೆಗಲ್ಲ, ದೋಣಿಗೆ. ಯೂರೋವನ್ನು ನೂರು ರೂಪಾಯಿ ಎಂದು ಹಿಡಿದರೂ ಅರ್ಧ ಗಂಟೆಗೆ 9,000. ಪೈಸೆ ಪೈಸೆ ಲೆಕ್ಕವಿಡುವ ಯಜಮಾನರೇ ಇಲ್ಲಿ ಕೈ ಸಡಿಲಿಸಿದ್ದರು. "25 ವರ್ಷಕ್ಕೊಮ್ಮೆ ಕಣೇ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಗೊಂಡೋಲಾದ ಕುಸುರಿಯೂ ಅವರಿಗೆ ಬಾಯಿಗೆ ಬರುತ್ತಿತ್ತು: 280 ಮರದ ತುಂಡು, ಎಂಟು ಜಾತಿಯ ಮರ. ಒಂದೇ ಹುಟ್ಟನ್ನು ಬಲಗಡೆ ಮಾತ್ರ ಹಾಕುವುದರಿಂದ ದೋಣಿ ಒಂದು ಕಡೆಗೆ ತಿರುಗದಿರಲೆಂದು ಎಡಮಗ್ಗುಲನ್ನು 24 ಸೆಂಟಿಮೀಟರ್ ಅಗಲ ಮಾಡಿರುತ್ತಾರೆ. ಸೊಟ್ಟಗಿರುವುದರಿಂದಲೇ ನೆಟ್ಟಗೆ ಹೋಗುವ ದೋಣಿ.

"ಸೊಟ್ಟ ದೋಣಿ ಹತ್ತೋಣ, 90 ಕೊಟ್ಟಲ್ಲ" ಎಂದರು ಆಕೆ. ದೊಡ್ಡ ಕಾಲುವೆಗೆ ಸೇತುವೆಗಳು ನಾಲ್ಕೇ. ನಡುವೆ ದಾಟುವವರಿಗೆ ತ್ರಗೆತ್ತೊ ಎಂಬ ದಾಟುದೋಣಿಯಿದೆ. ಅದೂ ಗೊಂಡೋಲಾವೇ, ಸ್ವಲ್ಪ ಅಗಲ, ಸಿಂಗಾರವಿಲ್ಲ, ಹುಟ್ಟು ಹಾಕುವವರು ಇಬ್ಬರು. ಸಾಂತಾ ಸೊಫಿಯಾ ಕಟ್ಟೆಯಿಂದ ರಿಯಾಲ್ಟೊ ಮಾರುಕಟ್ಟೆಯ ದಡಕ್ಕೆ ಎರಡು ಮೂರು ನಿಮಿಷ. ಸಂತೆಚೀಲ ಹಿಡಿದ ಊರಿನವರು ಕೂರುವ ಗೊಡವೆಗೆ ಹೋಗದೆ ನಿಂತೇ ದಾಟುತ್ತಾರೆ. ಹೊರಗಿನವರಿಗೆ ತಲೆಗೆ 2 ಯೂರೋ. ಎಕ್ಸೆಲ್ ಹಾಳೆಯಲ್ಲಿ 90 ಹೋಗಿ 4 ಬಂತು. ಮಿಕ್ಕ 86 ಯೂರೋ "ಮೂರನೆಯ ದಿನ: ಏನೂ ಇಲ್ಲ" ಎಂಬ ಸಾಲಿಗೆ ವರ್ಗವಾಯಿತು.

ಈ ದೋಣಿ ರಾತ್ರಿ ಹೊತ್ತು ಸಿಗುವುದಿಲ್ಲ, ಬೆಳಗಿನ ಹೊತ್ತಿಗೇ ಹೋಗಿ. ಮೀನಿನ ಕಟ್ಟೆಗಳಲ್ಲಿ ಭಾನುವಾರ, ಸೋಮವಾರ ವ್ಯಾಪಾರವಿರುವುದಿಲ್ಲ. ದುಡ್ಡನ್ನು ದೋಣಿಯವನ ಕೈಗೇ ಕೊಡಬೇಕು, ಚಿಲ್ಲರೆ ಇಟ್ಟುಕೊಂಡಿರಿ.